ಕಂಬದ ಮೇಲಿನ ಕರಿಬುಟ್ಟಿ

ನಾನು ಬಿರುಗಾಳಿಯ ಸುದ್ದಿ ಹೇಳುವ ಒಂದು ಕರಿಬುಟ್ಟಿ. ಬುಟ್ಟಿ ಎಂದರೆ ಏನನ್ನಾದರೂ ತುಂಬುವಂಥದ್ದಲ್ಲ. ಮೂರು ಕಬ್ಬಿಣದ ಬಳೆಗಳಿಗೆ ಹಾಯಿಬಟ್ಟೆ ಸುತ್ತಿ, ಡಾಂಬರು ಬಳಿದು, ಮೇಲೆ ಚೂಪು ಕೆಳಗೆ ಅಗಲವಾಗಿ ಮಾಡಿದ ಒಂದು ಆಕಾರ, ಅಷ್ಟೇ. ಬಂದರಿನಲ್ಲಿ ಹಾಯಿ ಹೊಲಿಯುತ್ತಿದ್ದ ಇನಾಸ ನನ್ನನ್ನು ಎರಡು ದಿನದಲ್ಲಿ ಮುಗಿಸಿದ. ಕಚೇರಿಯ ಕಾಗದದಲ್ಲಿ ನನಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಆ ಹೆಸರಿನಿಂದ ಯಾರೂ ನನ್ನನ್ನು ಕರೆಯಲಿಲ್ಲ.

ನನ್ನ ಜಾಗ ಗುಡ್ಡದ ಮೇಲಿನ ಎತ್ತರದ ಕಂಬ. ಬಿರುಗಾಳಿ ಏಳಲಿದೆ ಎಂದು ತಂತಿ ಬಂದರೆ, ಕಂಬ ಕಾಯುವ ಪುರುಸು ಹಗ್ಗ ಎಳೆದು ನನ್ನನ್ನು ಏರಿಸುತ್ತಿದ್ದ. ಗಾಳಿ ಹೋಯಿತು ಎಂದು ತಂತಿ ಬಂದರೆ ಇಳಿಸುತ್ತಿದ್ದ. ಎದುರಿಗೆ ಸಮುದ್ರದಲ್ಲಿ ಹದ್ದಿನಕುರ್ವೆ ಎಂಬ ನಡುಗಡ್ಡೆ, ನಲವತ್ತು ಮನೆ. ಅಲ್ಲಿಗೆ ತಂತಿಯೂ ಇಲ್ಲ, ರೇಡಿಯೋವೂ ಇಲ್ಲ. ಕಂಬದಲ್ಲಿ ಕರಿಬುಟ್ಟಿ ಕಂಡರೆ ದೋಣಿ ಇಳಿಸಬಾರದು, ಕಾಣದಿದ್ದರೆ ಇಳಿಸಬಹುದು ಎಂಬುದು ಅಲ್ಲಿನ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲೇ ಬರುತ್ತಿತ್ತು.

ಏರಿದ ಮೇಲೆ ನನಗೆ ಒಂದು ಗಳಿಗೆಯೂ ಸುಮ್ಮನಿರಲು ಆಗುತ್ತಿರಲಿಲ್ಲ. ಗಾಳಿ ಒಳಗೆ ನುಗ್ಗುತ್ತಿತ್ತು, ಬಳೆಗಳು ಕಂಬಕ್ಕೆ ಬಡಿಯುತ್ತಿದ್ದವು. ಕೆಳಗೆ ಪುರುಸುವಿನ ನೆತ್ತಿಯೊಂದೇ ಕಾಣುತ್ತಿತ್ತು. ಅದೂ ಸುಮ್ಮನಿರುತ್ತಿರಲಿಲ್ಲ.

ಆ ವರ್ಷ ಅವನಿಗೆ ಕಳವಳ ಹೆಚ್ಚಿತ್ತು. ಅವನ ಒಬ್ಬಳೇ ಮಗಳು ತುಳಸುವನ್ನು ಕುರ್ವೆಗೆ ಕೊಟ್ಟಿತ್ತು. ಅವಳು ಚೊಚ್ಚಲ ಬಸುರಿ, ತಿಂಗಳು ತುಂಬಿತ್ತು. ಹೆರಿಗೆಗೆ ತವರಿಗೆ ಬರಬೇಕು ಎನ್ನುವಾಗಲೇ ತಂತಿ ಬಂತು. ದಕ್ಷಿಣದಲ್ಲಿ ವಾಯುಭಾರ ಕುಸಿದಿದೆ, ಬಿರುಗಾಳಿ ಎರಡು ದಿನದಲ್ಲಿ ಉತ್ತರಕ್ಕೆ ಸರಿಯಲಿದೆ, ಅಲೆಗಳು ಎರಡಾಳೆತ್ತರ ಏಳಬಹುದು, ತಗ್ಗಿನ ದ್ವೀಪಗಳಿಗೆ ಉಪ್ಪುನೀರು ನುಗ್ಗಬಹುದು ಎಂದು ಬಂದರು ಕಚೇರಿಯ ಗುಮಾಸ್ತರು ಓದಿದರು.

“ದ್ವೀಪ ಅಂದ್ರೆ ನಮ್ಮ ಕುರ್ವೆನೂ ಸೇರ್ತದ್ಯಾ, ಒಡೆಯಾ?” ಪುರುಸು ಕೇಳಿದ.

“ನಿನ್ನ ಕುರ್ವೆ ಎಂತ ಆಕಾಶದಲ್ಲಿ ಉಂಟನಾ?” ಎಂದರು ಗುಮಾಸ್ತರು.

ಅವನು ನನ್ನನ್ನು ಏರಿಸಿದ. ಆ ದಿನವೆಲ್ಲ ಜೋರು ಗಾಳಿ ಬೀಸಿತು, ನನ್ನ ಒಂದು ಮಗ್ಗುಲಿನ ಹೊಲಿಗೆ ಬಿಟ್ಟಿತು. ಮರುದಿನ ಬೆಳಿಗ್ಗೆ ಗಾಳಿ ನಿಂತಿತು. ಸಮುದ್ರ ಎಣ್ಣೆ ಹೊಯ್ದಂತೆ ಮಲಗಿತ್ತು. ಬಿರುಗಾಳಿ ಇನ್ನೂ ಬಂದೇ ಇರಲಿಲ್ಲ. ನಾನು ಮಾತ್ರ ಹರಿದ ಕಂಬಳಿಯಂತೆ ಜೋಲುತ್ತಿದ್ದೆ. ಹೀಗಿದ್ದರೆ ಕುರ್ವೆಯವರಿಗೆ ನಾನು ಕರಿಬುಟ್ಟಿಯೆಂದು ತಿಳಿಯುವುದು ಹೇಗೆ ಎಂದುಕೊಂಡ ಪುರುಸು, ಹೊಲಿಯಲು ನನ್ನನ್ನು ಕೆಳಗಿಳಿಸಿದ. ಬದಲಿಗೆ ಏರಿಸಲು ಇನ್ನೊಂದು ಬುಟ್ಟಿ ಇರಲಿಲ್ಲ. ಅವನು ಅಚ್ಚುಕಟ್ಟಿನ ಮನುಷ್ಯ. ದಾರಕ್ಕೆ ಮೇಣ ಹಚ್ಚಿದ, ಹೊಲಿಗೆಯ ಪಕ್ಕ ಹೊಲಿಗೆ ಇಟ್ಟ. ಅರ್ಧ ಗಂಟೆ ಹಿಡಿಯಿತು.

ಆ ಅರ್ಧ ಗಂಟೆ ಕುರ್ವೆಯ ಕಣ್ಣಿಗೆ ಕಂಬ ಬರಿದಾಗಿತ್ತು.

ನಾನು ಮತ್ತೆ ಮೇಲೇರಿದಾಗ ನಡುನೀರಿನಲ್ಲಿ ಒಂದು ದೋಣಿ ಕಂಡಿತು. ಪುರುಸುವೂ ಅದನ್ನು ಕಂಡ. ಅವನ ಕೈಯಿಂದ ಹಗ್ಗ ಜಾರಿತು, ನಾನು ಒಂದು ಮಾರು ಕೆಳಗೆ ಕುಸಿದೆ, ಅವನು ಮತ್ತೆ ಎಳೆದ. ದೋಣಿಯಲ್ಲಿ ಹುಟ್ಟು ಹಾಕುವವರು ಹಿಂದುಮುಂದಾಗಿ ಕೂರುತ್ತಾರೆ. ಅವರ ಬೆನ್ನು ನಮ್ಮ ಕಡೆಗೆ, ಮುಖ ಬಿಟ್ಟುಬಂದ ಕುರ್ವೆಯ ಕಡೆಗೆ. ನನ್ನನ್ನು ನೋಡಬಲ್ಲವರು ಹಿಂದಿನ ಹಲಗೆಯ ಮೇಲೆ ಕೂತವರು ಮಾತ್ರ. ಅಲ್ಲಿ ಹಳದಿ ಸೀರೆಯೊಂದು ಕಾಣುತ್ತಿತ್ತು. ತೆಂಕಣ ದಿಕ್ಕು ಕಪ್ಪಾಗತೊಡಗಿತು. ನೋಡು, ಇತ್ತ ನೋಡು ಎಂದು ನಾನು ಒದ್ದಾಡಿದೆ. ಗಾಳಿಯಿಲ್ಲದೆ ಅಲುಗಲೂ ಆಗಲಿಲ್ಲ.

ಅಲ್ಲಿ ನಡೆದದ್ದು ಆಮೇಲೆ ತುಳಸುವಿನ ಗಂಡ ಬೀರನಿಂದ ತಿಳಿಯಿತು.

“ಬುಟ್ಟಿ ಮತ್ತೆ ಏರಿದೆ. ದೋಣಿ ತಿರುಗ್ಸಿ” ಎಂದಳಂತೆ ತುಳಸು.

ಅರ್ಧ ದಾರಿ ಬಂದಾಯಿತು, ಆ ದಡಕ್ಕೂ ಈ ದಡಕ್ಕೂ ಒಂದೇ ದೂರ, ಮುಂದೆ ತವರುಮನೆ ಇದೆ ಎಂದು ಬೀರ ವಾದಿಸಿದನಂತೆ.

“ಮುಂದೆ ಅಳಿವೆ ಅದೆ. ಗಾಳಿ ಎದ್ರೆ ಅಲ್ಲಿ ದೋಣಿ ಮಗುಚ್ತದೆ. ನನ್ನಪ್ಪ ಸುಮ್ನೆ ಏರ್ಸೋನಲ್ಲ.”

ಹೊಳೆ ಸಮುದ್ರಕ್ಕೆ ಸೇರುವ ಆ ಅಳಿವೆಯಲ್ಲಿ ಎಷ್ಟು ದೋಣಿ ಮುರಿದಿವೆ ಎಂಬುದು ಬೀರನಿಗೂ ಗೊತ್ತಿತ್ತು. ಹಳದಿ ಚುಕ್ಕೆ ನಿಧಾನಕ್ಕೆ ತಿರುಗಿತು. ಅದು ದಡ ಮುಟ್ಟಿತೋ ಇಲ್ಲವೋ ನಮಗೆ ಕಾಣಲಿಲ್ಲ. ಅಷ್ಟರಲ್ಲಿ ಮಳೆಯ ಗೋಡೆ ನಡುವೆ ಬಂತು.

ಎರಡು ದಿನ ಬಿರುಗಾಳಿ ಬೀಸಿತು. ಪುರುಸು ಕಂಬದ ಬುಡ ಬಿಟ್ಟು ಕದಲಲಿಲ್ಲ. ಮೂರನೆಯ ದಿನ ಇಳಿಸಬಹುದೆಂದು ತಂತಿ ಬಂತು. ಅವನು ಹಗ್ಗ ಹಿಡಿದು ನಿಂತೇ ಇದ್ದ. ಗುಮಾಸ್ತರು ಎರಡು ಸಲ ಬಂದು ಬೈದು ಹೋದರು. ನಾನು ಮೇಲಿರುವವರೆಗೆ ದೋಣಿ ಬಾರದಿರುವುದಕ್ಕೆ ಒಂದು ಕಾರಣವಿತ್ತು. ನಾನಿಳಿದ ಮೇಲೂ ಬಾರದಿದ್ದರೆ?

ಮಧ್ಯಾಹ್ನ ಕಣ್ಣು ಮುಚ್ಚಿ ಇಳಿಸಿದ.

ಸಂಜೆಯೊಳಗೆ ಬೀರ ಒಬ್ಬನೇ ಬಂದ. ಅವನ ಹಿಂದೆ ಯಾರೂ ಇಲ್ಲದ್ದನ್ನು ಕಂಡು ಪುರುಸು ಕಲ್ಲಿನ ಮೇಲೆ ಕೂತ. ಕುರ್ವೆಯ ಬಾವಿಗಳೆಲ್ಲ ಉಪ್ಪಾಗಿವೆ, ಕುಡಿಯುವ ನೀರು ಬೇಕು, ಹನ್ನೊಂದು ಮನೆಯ ಮಾಡು ಹಾರಿದೆ ಎಂದು ಬೀರ ಒಂದೇ ಉಸಿರಿಗೆ ಹೇಳಿದ. ಮಾವನ ಮುಖ ನೋಡಿದ ಮೇಲೆ ಅವನಿಗೆ ಉಳಿದದ್ದು ನೆನಪಾಯಿತು. ಕುರ್ವೆಯ ದಿಬ್ಬದ ಮೇಲಿನ ಗುಡಿಯ ಜಗುಲಿಯಲ್ಲಿ ತುಳಸು ಹೆತ್ತಿದ್ದಳು. ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದರು.

“ಅಪ್ಪಗೆ ಒಂದ್ಮಾತು ಹೇಳಿ ಅಂದಾಳೆ” ಎಂದ ಬೀರ. “ಇನ್ನು ಹರಿದ್ರೆ ಮೇಲೇ ಹತ್ತಿ ಹೊಲಿಬೇಕಂತೆ. ಹಗ್ಗ ಮುಟ್ಟಬಾರ್ದಂತೆ.”

ಪುರುಸು ನಕ್ಕನೋ ಅತ್ತನೋ, ಕೆಳಗೆ ಬಿದ್ದಿದ್ದ ನನಗೆ ಕಾಣಲಿಲ್ಲ.

ಆಮೇಲೆ ಅವನು ಹದಿನೇಳು ವರ್ಷ ಕಂಬ ಕಾದ. ಬಟ್ಟೆ ಹರಿದಾಗಲೆಲ್ಲ ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಗಾಳಿಯಲ್ಲೇ ಕಂಬ ಹತ್ತುತ್ತಿದ್ದ. ಅವನ ನಂತರ ಬಂದವರೂ ಹಾಗೆಯೇ ಮಾಡಿದರು. ಈಗ ಕುರ್ವೆಯ ಪ್ರತಿ ಮನೆಯಲ್ಲೂ ಫೋನು ಇದೆ, ಬಿರುಗಾಳಿಯ ಸುದ್ದಿ ಅದರಲ್ಲೇ ಬರುತ್ತದೆ. ನಾನು ಬಂದರಿನ ಉಗ್ರಾಣದಲ್ಲಿ, ಹಳೆಯ ಲಂಗರುಗಳ ಹಿಂದೆ ಬಿದ್ದಿದ್ದೇನೆ. ಗಾಳಿ ಎದ್ದಾಗ ಈಗಲೂ ಒಳಗೆ ಚಡಪಡಿಕೆ ಹುಟ್ಟುತ್ತದೆ.

ನನ್ನ ಮೈಮೇಲೆ ಪುರುಸು ಹಾಕಿದ ನೇರವಾದ ಹೊಲಿಗೆ ಒಂದೇ ಸಾಲು. ಉಳಿದವೆಲ್ಲ ಸೊಟ್ಟ.