ಮೊದಲು ಹತ್ತಿದವಳು

ಗೌರಾಬಾಯಿ ಮದುವೆಯಾಗಿ ತವರೂರಾದ ಇಂಡಿಯಿಂದ ಪುಣೆಗೆ ಬಂದದ್ದು ತೊಂಬತ್ತೆರಡರ ಬೇಸಿಗೆಯಲ್ಲಿ. ಗಂಡ ಶಿವರುದ್ರಪ್ಪ ಮತ್ತು ಅವನ ಅಣ್ಣ ಧರ್ಮಣ್ಣ ರವಿವಾರ ಪೇಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಸಗಟು ಅಂಗಡಿ ಇಟ್ಟಿದ್ದರು. ಅಂಗಡಿಯ ಮೇಲೆಯೇ ಮನೆ. ಎರಡು ಖೋಲಿಗಳಲ್ಲಿ ಒಂಬತ್ತು ಜನ. ಹೊಸ ಜೋಡಿಗೆಂದು ಒಂದು ಮೂಲೆಗೆ ಸೀರೆಯ ಪರದೆ ಕಟ್ಟಿದ್ದರು. ಆಚೆ ಅತ್ತೆ ಕೆಮ್ಮಿದರೆ ಈಚೆ ಮಾತು ನಿಲ್ಲುತ್ತಿತ್ತು. ಕೆಳಗಿನ ಮೆಣಸಿನ ಘಾಟಿಗೆ ಆ ಮನೆಯಲ್ಲಿ ಯಾರಾದರೊಬ್ಬರು ಸದಾ ಕೆಮ್ಮುತ್ತಲೇ ಇದ್ದುದರಿಂದ ಅವರಿಬ್ಬರ ಯಾವ ಮಾತೂ ಪೂರ್ತಿಯಾಗುತ್ತಿರಲಿಲ್ಲ.

ಇಬ್ಬರೇ ಇರುತ್ತಿದ್ದದ್ದು ಸ್ಕೂಟರಿನ ಮೇಲೆ ಮಾತ್ರ. ತಿಂಗಳಿಗೊಮ್ಮೆ ಹಡಪಸರದಲ್ಲಿದ್ದ ಸೋದರತ್ತೆಯ ಮನೆಗೆ ಹೋಗುವಾಗ ಅವಳು ಅವನ ಬೆನ್ನಿಗೆ ಬಾಯಿ ಹಚ್ಚಿ ಏನೇನೋ ಹೇಳುತ್ತಿದ್ದಳು. ಗಾಳಿಗೆ, ಟ್ರಕ್ಕುಗಳ ಸದ್ದಿಗೆ ಅರ್ಧ ಹಾರಿ ಹೋಗುತ್ತಿತ್ತು. ಅವನು "ಆಂ? ಏನಂದಿ?" ಎಂದು ಕೇಳುವಷ್ಟರಲ್ಲಿ ಸೋದರತ್ತೆಯ ಬಾಗಿಲು ಬಂದಿರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅವನು "ನಿನಗ ಸಮುದ್ರ ತೋರಸ್ತೀನಿ, ಇಬ್ಬರ ಹೋಗೂಣು" ಎಂದಿದ್ದ. ಆ ಯೋಗ ಬಂದಾಗ ಇಡೀ ಮನೆಯೇ ಒಂದು ಮೆಟಾಡೋರ್ ಮಾಡಿಕೊಂಡು ಮುಂಬೈಗೆ ಹೊರಟಿತು. ಚೌಪಾಟಿಯಲ್ಲಿ ಗೌರಾಬಾಯಿಯ ಕಂಕುಳಲ್ಲಿ ಭಾವನ ಮಗು, ಕೈಯಲ್ಲಿ ಅತ್ತೆಯ ಚಪ್ಪಲಿ. ಸಮುದ್ರವನ್ನು ಅವಳು ಜನರ ತಲೆಗಳ ನಡುವಿನಿಂದ ತುಂಡು ತುಂಡಾಗಿ ನೋಡಿದಳು.

"ಹೆಂಗಿತ್ತು?" ಎಂದು ಶಿವರುದ್ರಪ್ಪ ಕೇಳಿದಾಗ, "ಛಲೋ ಇತ್ರಿ" ಎಂದಳು.

ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಧರ್ಮಣ್ಣ ಒಳ್ಳೆಯವನು. ತಂದೆಯಿಲ್ಲದ ತಮ್ಮನನ್ನು ಸಾಕಿ, ವ್ಯಾಪಾರ ಕಲಿಸಿ ನಿಲ್ಲಿಸಿದವನು. ಗೌರಾಬಾಯಿಗೆ ಮಗಳು ಸಪ್ನಾ ಹುಟ್ಟಿದಾಗ ಪೇಟೆಗೆಲ್ಲ ಪೇಢೆ ಹಂಚಿದವನೂ ಅವನೇ. ಅಂಗಡಿ ಮಾರ್ಕೆಟ್ ಯಾರ್ಡಿಗೆ ಹೋಗಿ ವ್ಯಾಪಾರ ಬೆಳೆದ ಮೇಲೆ ಅವನು ಕೋಥರೂಡಿನಲ್ಲಿ ಅಕ್ಕಪಕ್ಕದ ಎರಡು ಫ್ಲ್ಯಾಟು ಹಿಡಿದ. ಒಂದು ತನಗೆ, ಒಂದು ತಮ್ಮನಿಗೆ. ಗೌರಾಬಾಯಿ ತನ್ನ ಮನೆಯ ಕಿಟಕಿಗಳಿಗೆ ಪರದೆಯ ಬಟ್ಟೆಯನ್ನೂ ಆರಿಸಿಟ್ಟಿದ್ದಳು. ಗೃಹಪ್ರವೇಶಕ್ಕೆ ಮುಂಚೆ ಧರ್ಮಣ್ಣ ಬಂದು, "ನಡುವ ಗ್ವಾಡಿ ಯಾಕ ಬೇಕು? ನಾವೇನು ಬ್ಯಾರೆ ಆಗೇವೇನು?" ಎಂದು ಪ್ರೀತಿಯಿಂದಲೇ ಗೋಡೆ ಒಡೆಸಿದ. ಆ ದಿನ ಗೌರಾಬಾಯಿ ಕೂಲಿಯವರಿಗೆ ಚಹಾ ಕೊಟ್ಟಳು, ಸಂಜೆ ಧೂಳು ಗುಡಿಸಿದಳು.

ಎರಡು ಸಾವಿರದ ಆರರಲ್ಲಿ ಧರ್ಮಣ್ಣನಿಗೆ ಅರವತ್ತು ತುಂಬಿತು. ಕಲ್ಯಾಣ ಮಂಟಪದ ಊಟ ಬೇಡ, ಎಲ್ಲರೂ ಕೂಡಿ ಹಡಗಿನಲ್ಲಿ ಗೋವೆಗೆ ಹೋಗಿ ಬರೋಣ ಎಂದು ಅವನೇ ಹೇಳಿದ. ಮುಂಬೈಯಿಂದ ಅಂಥ ದೊಡ್ಡ ವಿಹಾರದ ಹಡಗು ಹೊರಡುವುದನ್ನು ಮಾರ್ಕೆಟ್ ಯಾರ್ಡಿನ ಯಾರೋ ಗುಜರಾತಿ ವ್ಯಾಪಾರಿ ಅವನ ಕಿವಿಗೆ ಹಾಕಿದ್ದ. ಪೌಡ್ ರಸ್ತೆಯಲ್ಲಿ ಟ್ರಾವೆಲ್ ಆಫೀಸು ಇಟ್ಟಿದ್ದ ಧಾರವಾಡದ ಕಡೆಯ ಲೋಕನಾಥ ಮನೆಗೇ ಬಂದು ಚಿತ್ರದ ಪುಸ್ತಕ ಹರಡಿಕೊಂಡು ಕೂತ. ಹಡಗಿನೊಳಗೆ ಈಜುಕೊಳವಿತ್ತು, ಸಿನಿಮಾ ಥಿಯೇಟರಿತ್ತು. ಮಕ್ಕಳು ಪುಸ್ತಕದ ಮೇಲೆ ಬಿದ್ದರು.

"ಇನ್ನೊಂದು ಅದರಿ," ಎಂದ ಲೋಕನಾಥ. "ಸ್ವಲ್ಪ ಜಾಸ್ತಿ ರೊಕ್ಕ ಕೊಟ್ರ ಎಲ್ಲಾರಕಿಂತ ಮೊದಲ ಹತ್ತಸ್ತಾರ. ಸಾಲಿನ್ಯಾಗ ನಿಂದ್ರೂ ಕೆಲಸ ಇಲ್ಲ."

ಧರ್ಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಡಗೇನು ಎಸ್ಟಿ ಬಸ್ಸೇನೋ, ಕಿಡಕ್ಯಾಗಿಂದ ಟಾವೆಲ್ ಒಗದು ಸೀಟ್ ಹಿಡೀಲಿಕ್ಕೆ? ನಮ್ಮ ಖೋಲಿ ನಮಗ ಇದ್ದ ಇರತದಲ್ಲ!"

"ಖರೇ ಅದ. ಖೋಲಿ ಚಾವಿ ಎಲ್ಲಾರಿಗೂ ಮಧ್ಯಾಹ್ನನ ಕೊಡೂದು. ಮೊದಲ ಹೋದವರು ಸುಮ್ಮನ ಖಾಲಿ ಹಡಗ ನೋಡಕೋತ ಕೂಡಬೇಕು, ಅಷ್ಟ."

ಚಹಾದ ಕಪ್ಪುಗಳನ್ನು ಎತ್ತುತ್ತಿದ್ದ ಗೌರಾಬಾಯಿ ಹಾಗೆಯೇ ನಿಂತಳು. ಖಾಲಿ ಹಡಗು. ಅಷ್ಟು ದೊಡ್ಡದು, ಯಾರೂ ಇಲ್ಲದ್ದು. ಅದರ ಒಂದು ಅಂಚಿನಲ್ಲಿ ತಾನು, ಪಕ್ಕದಲ್ಲಿ ಅವನು. ಕೆಮ್ಮುವವರಿಲ್ಲ, ಕರೆಯುವವರಿಲ್ಲ. ಆ ಚಿತ್ರ ಅವಳ ಮನಸ್ಸಿಗೆ ಬಂದ ಮೇಲೆ ಹೋಗಲೇ ಇಲ್ಲ. ರೊಟ್ಟಿ ಬಡಿಯುವಾಗ, ಸಪ್ನಾಳ ಜಡೆ ಹೆಣೆಯುವಾಗ ಅದು ಅಲ್ಲೇ ಇರುತ್ತಿತ್ತು. ಏನೇನು ಮಾತಾಡಬೇಕು ಎಂಬುದನ್ನೂ ಅವಳು ಯೋಚಿಸತೊಡಗಿದ್ದಳು. ಹದಿನಾಲ್ಕು ವರ್ಷದ ಮಾತು ಸಣ್ಣದೇನಲ್ಲ.

ಮುಂದಿನ ವಾರ ಕೊತ್ತಂಬರಿ ತರುತ್ತೇನೆಂದು ಹೊರಬಿದ್ದವಳು ಲೋಕನಾಥನ ಆಫೀಸಿನ ಮೆಟ್ಟಿಲು ಹತ್ತಿದಳು.

"ಆ ಮೊದಲ ಹತ್ತೂದು ಅಂದಿದ್ರಲ್ಲ, ಅದು ಎರಡು ಬೇಕಾಗಿತ್ತು. ನನಗ, ಇವರಿಗೆ."

ಲೋಕನಾಥ ಪ್ರಾಮಾಣಿಕ. "ಅಕ್ಕಾರ, ನಾ ಮಾರಾಂವನ ಹೇಳತೀನಿ, ಬ್ಯಾಡ್ರಿ. ಅದರಾಗ ಏನೂ ಉಪಯೋಗ ಇಲ್ಲ. ಆ ರೊಕ್ಕದಾಗ ಒಂದು ಛಲೋ ಸೀರಿ ಬರತದ."

"ಸೀರಿ ರೊಕ್ಕನ ಇದು. ತವರಮನಿಯವರು ಕೊಟ್ಟದ್ದು," ಎಂದು ಗೌರಾಬಾಯಿ ಪರ್ಸು ತೆರೆದಳು.

ಗಂಡನಿಗೆ ಹೇಳಿದ್ದು ಮತ್ತೆ ಸ್ಕೂಟರಿನ ಮೇಲೆಯೇ. ಈ ಸಲ ಕರ್ವೆ ರಸ್ತೆಯ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಹೇಳಿದಳು, ಒಂದು ಅಕ್ಷರವೂ ಹಾರಿ ಹೋಗದ ಹಾಗೆ. ಶಿವರುದ್ರಪ್ಪ ಹಿಂದಿರುಗಿ ನೋಡಲಿಲ್ಲ. ಅವನ ಕುತ್ತಿಗೆ ಮಾತ್ರ ಕೆಂಪಾಯಿತು.

"ಅಣ್ಣಗ ಏನಂತ ಹೇಳೂದು?"

"ಏನೂ ಹೇಳಬ್ಯಾಡ್ರಿ. ಮೊದಲ ಹತ್ತೇವಿ, ಅಷ್ಟ. ಸ್ವಲ್ಪ ಹೊತ್ತಿಗೆ ಅವರೂ ಬರತಾರ."

ಸಿಗ್ನಲ್ ಹಸಿರಾಯಿತು. "ನೋಡೂಣು," ಎಂದು ಅವನು ಗಾಡಿ ಎಬ್ಬಿಸಿದ. ಆ "ನೋಡೂಣು" ಒಂದನ್ನೇ ಹಿಡಿದುಕೊಂಡು ಅವಳು ತಿಂಗಳು ಕಳೆದಳು.

ಹೊರಡುವ ದಿನ ನಸುಕಿನಲ್ಲಿ ಕೋಥರೂಡಿನಿಂದ ಸಣ್ಣ ಬಸ್ಸು ಮಾಡಿಕೊಂಡು ಎಲ್ಲರೂ ಮುಂಬೈ ಬಂದರಿಗೆ ಬಂದರು. ಗೌರಾಬಾಯಿ ಹೊಸದಾಗಿ ಇಸ್ತ್ರಿ ಮಾಡಿದ ನೀಲಿ ಇಳಕಲ್ ಸೀರೆ ಉಟ್ಟಿದ್ದಳು. ಟರ್ಮಿನಲ್ಲಿನಲ್ಲಿ ಸಾಲು ಬಾಗಿಲ ತನಕ ಬೆಳೆದಿತ್ತು. ಪಕ್ಕದಲ್ಲಿ ಹಗ್ಗ ಕಟ್ಟಿದ ಇನ್ನೊಂದು ದಾರಿ. ಅಲ್ಲಿ ನಾಲ್ಕಾರು ಜನ ಅಷ್ಟೆ. ಅವಳು ಬ್ಯಾಗಿನಿಂದ ಎರಡು ಚೀಟಿ ತೆಗೆದು ಗಂಡನ ಕಡೆ ನೋಡಿದಳು. ಅವನು ಗಂಟಲು ಸರಿಪಡಿಸಿಕೊಂಡು, "ಅಣ್ಣಾ..." ಎನ್ನುವಷ್ಟರಲ್ಲಿ ಮುಂದಿನ ಮೇಜಿನ ಬಳಿ ಗದ್ದಲವೆದ್ದಿತು. ಧರ್ಮಣ್ಣನ ಟಿಕೆಟ್ಟಿನಲ್ಲಿ ಧರ್ಮಣ್ಣ ಎಂದಿತ್ತು, ಮತದಾರರ ಕಾರ್ಡಿನಲ್ಲಿ ಧರ್ಮರಾಜ. ಮೇಜಿನ ಹುಡುಗಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಳು. ಹುಟ್ಟುಹಬ್ಬದ ಯಜಮಾನ ಹಣೆಯ ಬೆವರು ಒರೆಸಿಕೊಳ್ಳುತ್ತ, "ಶಿವರುದ್ರಾ, ಇಲ್ಲಿ ಬಾರೋ, ಈಕೀಗೆ ಸ್ವಲ್ಪ ಹೇಳು" ಎಂದು ಕರೆದ.

ಶಿವರುದ್ರಪ್ಪ ಹೆಂಡತಿಯ ಕಡೆ ತಿರುಗಿದ. "ನೀ ಹೋಗು. ನಾ ಹಿಂದಿಂದ ಬರತೀನಿ."

"ನೀವಿಲ್ಲದ ನಾ ಹೋಗಿ ಏನ ಮಾಡಲಿ?"

"ಹೋಗು ಗೌರಾ. ರೊಕ್ಕ ಕೊಟ್ಟೀದಿ. ಹೋಗು."

ಅವಳು ಎರಡು ಹೆಜ್ಜೆ ಸಾಲಿನ ಕಡೆ ಇಟ್ಟಳು. ಅಲ್ಲಿ ನೆಗೆಣ್ಣಿ, ಧರ್ಮಣ್ಣನ ಹೆಂಡತಿ, ಚೀಲಗಳ ನಡುವೆ ಜಾಗ ಮಾಡಿ, "ಬಾ, ಈ ಡಬ್ಬಿ ಸ್ವಲ್ಪ ಹಿಡಿ" ಎನ್ನುತ್ತಿದ್ದಳು. ಗೌರಾಬಾಯಿ ನಿಂತಳು. ಅದೇನು ಧೈರ್ಯವೋ, ತಿರುಗಿ ಹಗ್ಗದ ದಾರಿಗೆ ಹೋಗಿ ಚೀಟಿ ಕೊಟ್ಟಳು. ಎರಡನೆಯ ಚೀಟಿ ಕೈಯಲ್ಲೇ ಉಳಿಯಿತು.

ಹಡಗು ಅವಳು ಅಂದುಕೊಂಡದ್ದಕ್ಕಿಂತ ಖಾಲಿಯಾಗಿತ್ತು. ಮೇಲಿನ ತೆರೆದ ಅಟ್ಟದಲ್ಲಿ ಬಿಳಿ ಕುರ್ಚಿಗಳ ಸಾಲು, ಒಂದರ ಮೇಲೂ ಯಾರಿಲ್ಲ. ದೂರದಲ್ಲಿ ಒಬ್ಬ ಕೆಲಸದವನು ಕಂಬಿ ಒರೆಸುತ್ತಿದ್ದ. ಅವಳನ್ನು ನೋಡಿ ತಲೆಬಾಗಿಸಿ ತನ್ನ ಕೆಲಸಕ್ಕೆ ಮರಳಿದ. ಅವಳು ಹಡಗಿನ ಹಿಂತುದಿಯ ಅಂಚಿಗೆ ಹೋಗಿ ಸಮುದ್ರದ ಕಡೆ ಎರಡು ಕುರ್ಚಿ ಜೋಡಿಸಿ, ಒಂದರಲ್ಲಿ ಕೂತು, ಇನ್ನೊಂದರ ಮೇಲೆ ತನ್ನ ಶಾಲು ಇಟ್ಟಳು. ಬಂದರಿನ ನೀರು ಕಂದು ಬಣ್ಣದ್ದು, ಅದರಾಚೆ ಬೂದು, ಇನ್ನೂ ಆಚೆಗೆ ಹೊಳಪು. ಈ ಸಲ ತಲೆಗಳು ಅಡ್ಡವಿರಲಿಲ್ಲ. ಸಮುದ್ರ ಒಂದೇ ತುಂಡಾಗಿತ್ತು.

ಅವಳ ಎದೆ ಹಗುರಾಯಿತು. ಕೂಡಲೇ ಭಾರವೂ ಆಯಿತು. ಒಬ್ಬಳೇ ನೋಡಲಾರದಷ್ಟು ದೊಡ್ಡದಿತ್ತು ಅದು. "ಅಲ್ಲಿ ನೋಡ್ರಿ, ಆ ಸಣ್ಣ ದೋಣಿ" ಎಂದು ಬಾಯಿಗೆ ಬಂತು. ಪಕ್ಕದಲ್ಲಿ ಶಾಲು ಗಾಳಿಗೆ ಅಂಚು ಎತ್ತುತ್ತಿತ್ತು.

ಸ್ವಲ್ಪ ಹೊತ್ತಿಗೆ ಆ ಕೆಲಸದವನೇ ಬಂದು ಹಿಂದಿಯಲ್ಲಿ ಊಟ ಸಿದ್ಧವಾಗಿದೆ ಎಂದ. ಅವಳು ಹೋದಳು. ದೊಡ್ಡ ಹಾಲಿನಲ್ಲಿ ಮೊದಲ ತಟ್ಟೆ ಅವಳದೇ. ಮದುವೆಯಾದಾಗಿನಿಂದ ಅವಳು ಉಂಡದ್ದು ಗಂಡಸರು, ಮಕ್ಕಳು, ಅತ್ತೆ, ನೆಗೆಣ್ಣಿ ಎಲ್ಲರದಾದ ಮೇಲೆ, ಪಾತ್ರೆಯ ತಳದ ಆರಿದ ಸಾರು. ಇಲ್ಲಿ ಅನ್ನದಿಂದ ಹಬೆ ಏಳುತ್ತಿತ್ತು. ಗಂಡನಿಗೆ ಕಾಯಬೇಕೆಂದು ಒಂದು ಕ್ಷಣ ಅನಿಸಿತು. ಆಮೇಲೆ ಉಂಡಳು. ನಾಲಿಗೆ ಸುಟ್ಟುಕೊಂಡು, ನಿಧಾನವಾಗಿ, ಹೊಟ್ಟೆ ತುಂಬ ಉಂಡಳು. ಉಣ್ಣುತ್ತ ಕಣ್ಣು ಒದ್ದೆಯಾದವು. ಯಾಕೆಂದು ಕೇಳಲು ಯಾರೂ ಇರಲಿಲ್ಲ.

ಹೊರಗೆ ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತಳು. ಇನ್ನೇನು ಬರುತ್ತಾನೆ ಎಂದು ಮೆಟ್ಟಿಲ ಕಡೆ ಕಿವಿಯಿಟ್ಟಳು. ಕೊನೆಗೆ ಮೆಟ್ಟಿಲ ಮೇಲೆ ಗುಲ್ಲೆದ್ದು, ಜನ ತೂಬು ಬಿಟ್ಟ ನೀರಿನಂತೆ ನುಗ್ಗಿದರು. ಮಕ್ಕಳು, ಚೀಲಗಳು, ಕ್ಯಾಮೆರಾಗಳು. ಶಾಲು ಇಟ್ಟಿದ್ದ ಕುರ್ಚಿಯನ್ನು ಯಾರೋ "ಯಾರಾದರೂ ಇದಾರಾ?" ಎಂದು ಮರಾಠಿಯಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಎಳೆದುಕೊಂಡು ಹೋದರು. ಆಮೇಲೆ ಮನೆಯವರು ಬಂದರು. ಎಲ್ಲರಿಗಿಂತ ಹಿಂದೆ, ಎರಡು ಕೈಯಲ್ಲೂ ಅಣ್ಣನ ಚೀಲ ಹಿಡಿದು, ಶಿವರುದ್ರಪ್ಪ.

ಧರ್ಮಣ್ಣನ ಹೆಸರಿನ ತೊಡಕು ಬಗೆಹರಿದಿತ್ತು. ಅವನ ನಗೆಯೂ ಮರಳಿತ್ತು. "ಏನವಾ ಗೌರಾ, ಮೊದಲ ಹತ್ತಿದಿ. ಜಾಸ್ತಿ ರೊಕ್ಕಕ್ಕ ಏನ ಸಿಕ್ತು?"

"ಬಿಸಿ ಊಟ ಸಿಕ್ತರಿ ಭಾವಾರ," ಎಂದಳು ಗೌರಾಬಾಯಿ.

ಎಲ್ಲರೂ ನಕ್ಕರು. ಶಿವರುದ್ರಪ್ಪ ನಗಲಿಲ್ಲ. ಅವಳ ಮುಖವನ್ನೇ ನೋಡುತ್ತ ನಿಂತಿದ್ದ.

ಮೂರು ದಿನ ಹೇಗೆ ಕಳೆಯಬೇಕೋ ಹಾಗೆ ಕಳೆದವು. ಖೋಲಿಗಳನ್ನು ಧರ್ಮಣ್ಣ ಹೆಂಗಸರಿಗೆ ಒಂದು, ಗಂಡಸರಿಗೆ ಒಂದು, ಮಕ್ಕಳಿಗೆ ಒಂದು ಎಂದು ಹಂಚಿದ್ದ. ಗೋವೆಯಲ್ಲಿ ಬಸ್ಸು ಹತ್ತಿ ದೇವಸ್ಥಾನ ನೋಡಿದರು, ಗೋಡಂಬಿ ಕೊಂಡರು. ನೆಗೆಣ್ಣಿಗೆ ಹಡಗಿನ ಓಲಾಟಕ್ಕೆ ವಾಂತಿಯಾಗಿ ಗೌರಾಬಾಯಿ ಅವಳ ತಲೆ ಒತ್ತಿದಳು. ಊಟದ ಹಾಲಿನಲ್ಲಿ ಗಂಡನನ್ನು ಆರು ಜನರಾಚೆ ನೋಡಿದಳು.

ಮರಳಿ ಮುಂಬೈ ಮುಟ್ಟಿದ ಬೆಳಿಗ್ಗೆ ಇಳಿಯುವ ಮೆಟ್ಟಿಲ ಬಳಿ ದೊಡ್ಡ ನೂಕುನುಗ್ಗಲು. ಧರ್ಮಣ್ಣ ಎಲ್ಲರನ್ನೂ ಬೇಗ ಎಬ್ಬಿಸಿ, ಚೀಲ ಹೊರಿಸಿ, ಸಾಲಿನ ಮುಂಭಾಗಕ್ಕೆ ತಂದು ನಿಲ್ಲಿಸಿದ್ದ. ಬಾಗಿಲು ತೆರೆಯುವ ಹೊತ್ತಿಗೆ ಶಿವರುದ್ರಪ್ಪ ಚೀಲಗಳನ್ನು ಕೆಳಗಿಟ್ಟ.

"ಅಣ್ಣಾ, ನೀವು ಇಳೀರಿ. ನಾನೂ ಗೌರಾನೂ ಎಲ್ಲಾರಕಿಂತ ಕಡೀಗೆ ಬರತೀವಿ."

"ಯಾಕೋ? ಏನರೆ ಮರತೀರೇನು?"

"ಇಲ್ಲ." ಶಿವರುದ್ರಪ್ಪನ ಧ್ವನಿ ಸಣ್ಣಗಿತ್ತು, ಆದರೆ ತಡವರಿಸಲಿಲ್ಲ. "ನನಗ ಆಕಿ ಕೂಡ ಸ್ವಲ್ಪ ಕೂಡಬೇಕಾಗೇದ."

ನೆಗೆಣ್ಣಿ ಸೆರಗು ಬಾಯಿಗೆ ಒತ್ತಿದಳು. ಸಪ್ನಾ ನಾಚಿ ಬೇರೆ ಕಡೆ ನೋಡಿದಳು. ಧರ್ಮಣ್ಣ ತಮ್ಮನನ್ನು, ತಮ್ಮನ ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಬಗ್ಗಿ ಆ ಚೀಲಗಳನ್ನು ತಾನೇ ಎತ್ತಿಕೊಂಡ. "ಬಸ್ಸು ಕಾಯಸ್ತೀನಿ," ಎಂದಷ್ಟೇ ಹೇಳಿ ನಡೆದ.

ಇಬ್ಬರೂ ಮೇಲಿನ ಅಟ್ಟಕ್ಕೆ ಹೋದರು. ಜನ ಇಳಿದು ಹೋಗುತ್ತಿದ್ದಂತೆ ಹಡಗಿನ ಸದ್ದು ಒಂದೊಂದಾಗಿ ಆರುತ್ತಿತ್ತು. ಕುರ್ಚಿಗಳು ಅಡ್ಡಾದಿಡ್ಡಿ ಬಿದ್ದಿದ್ದವು, ಎಲ್ಲೆಲ್ಲೂ ಕಾಗದದ ಲೋಟಗಳು. ಅವರು ಕಂಬಿ ಹಿಡಿದು ನಿಂತರು. ಗೌರಾಬಾಯಿ ತಾನು ಕೂಡಿಸಿಟ್ಟಿದ್ದ ಮಾತುಗಳನ್ನು ಹುಡುಕಿದಳು. ಒಂದೂ ಸಿಗಲಿಲ್ಲ.

"ಏನರೆ ಹೇಳು," ಎಂದ ಅವನು.

"ನೀವ ಹೇಳ್ರಿ."

ಅವನು ನೀರನ್ನೇ ನೋಡುತ್ತ ಹೇಳಿದ. "ಅವತ್ತ ಸಾಲು ಹೊರಗ ಬಂದಾಗ ಕೆಳಗಿಂದ ನೀ ಕಂಡಿ. ಇಷ್ಟ ಮ್ಯಾಲ, ಒಬ್ಬಾಕಿನ, ನೀಲಿ ಸೀರಿ. ನಾ ಕೈ ಮಾಡಿದೆ. ಭಾಳ ಹೊತ್ತು ಮಾಡಿದೆ. ಮಂದಿ ನಕ್ಕರು. ನೀ ಸಮುದ್ರದ ಕಡೆ ಮಾರಿ ಮಾಡಿ ಕೂತಿದ್ದಿ."

"ನನಗ ಗೊತ್ತ ಆಗಲಿಲ್ಲರಿ."

"ಗೊತ್ತದ. ನಿನ್ನ ಅಷ್ಟು ದೂರದಿಂದ ನಾ ಎಂದೂ ನೋಡಿದ್ದಿಲ್ಲ. ನೋಡಿದ ಮ್ಯಾಲ..." ಅವನು ನಿಲ್ಲಿಸಿದ. ಯಾರೂ ಕೆಮ್ಮಿರಲಿಲ್ಲ. ಅವಳು ಕಾದಳು. "ನೋಡಿದ ಮ್ಯಾಲ, ಈಕಿ ಕೂಡ ನಾ ಇನ್ನೂ ಮಾತ ಆಡಿಲ್ಲಲ್ಲ ಅನಸ್ತು."

ಗೌರಾಬಾಯಿ ಕಂಬಿಯ ಮೇಲಿದ್ದ ಅವನ ಕೈ ಮೇಲೆ ಕೈ ಇಟ್ಟಳು. ಹಗಲಿನಲ್ಲಿ, ಬಯಲಿನಲ್ಲಿ, ಅದೇ ಮೊದಲು. ಆಮೇಲೆ ಅವರು ಮಾತಾಡಿದ್ದು ದೊಡ್ಡದೇನಲ್ಲ. ಅವಳು ಕಿಟಕಿಗೆ ಆರಿಸಿದ್ದ ಪರದೆಯ ಬಟ್ಟೆಯ ಬಣ್ಣ ಹೇಳಿದಳು. ಅವನು ತಂದೆ ಸತ್ತ ವರ್ಷ ತನಗೆ ಕತ್ತಲೆಂದರೆ ಭಯವಿತ್ತೆಂದು ಹೇಳಿದ. ಕಸ ಗುಡಿಸುತ್ತ ಬಂದವನು ದೂರದಲ್ಲೇ ನಿಂತ. ಕೊನೆಗೆ ಅವನೂ ಕೈ ಮುಗಿದು ಕೆಳಗಿನ ದಾರಿ ತೋರಿಸಲೇಬೇಕಾಯಿತು. ಅಷ್ಟರಲ್ಲಿ ಅವರಿಗಿಂತ ಹಿಂದೆ ಇಳಿಯುವವರು ಯಾರೂ ಉಳಿದಿರಲಿಲ್ಲ.

ಬಸ್ಸಿನಲ್ಲಿ ಧರ್ಮಣ್ಣ ಅವರಿಬ್ಬರಿಗೆಂದು ಒಂದು ಸೀಟು ಖಾಲಿ ಇಡಿಸಿದ್ದ. ಆದರೆ ನೆಗೆಣ್ಣಿಗೆ ಮತ್ತೆ ತಲೆ ಸುತ್ತುತ್ತಿತ್ತು. ಪನ್ವೇಲ್ ದಾಟುವಷ್ಟರಲ್ಲಿ ಗೌರಾಬಾಯಿ ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತು ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ಖಂಡಾಲಾದ ಘಾಟಿನಲ್ಲಿ ಬಸ್ಸು ಏರತೊಡಗಿತು. ಮುಂದಿನ ಸೀಟಿನಲ್ಲಿ ಶಿವರುದ್ರಪ್ಪ ಕಿಟಕಿಯ ಪಕ್ಕ ಒಬ್ಬನೇ ಕೂತಿದ್ದ. ಅವಳಿಗೆ ಅವನ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದ್ದನ್ನು ಅವಳು ಗಮನಿಸಿದಳು, ಮತ್ತು ಕೋಥರೂಡು ಬರುವ ತನಕ ಅದನ್ನೇ ನೋಡುತ್ತ ಕೂತಳು.