ಟ್ರಂಕಿನ ಮೇಲೆ ಕೂತವನು

ಅಲುಗಿದ್ದು ಬಿಲ್ವಪತ್ರಿಯೋ ಕೈಯೋ, ಕೈಯೇ, ಎಡಗೈಯಲ್ಲಿ ಇಷ್ಟಲಿಂಗ, ಅದರ ಮೇಲೆ ಪತ್ರಿ, ಎರಡೂ ಕೂಡಿ ನಡುಗುತ್ತಿವೆ, ನೋಡಬೇಕಾದದ್ದು ಲಿಂಗವನ್ನು, ಕಣ್ಣು ಹೋಗುವುದು ಕೆಳಗಿನ ಕೌದಿಗೆ — ಐದು ದಿನದಿಂದ ಸಾವಂತ್ರಿ ಪೂಜೆಯ ಹೊತ್ತಿಗೆ ಮಡಚಿ ತಂದು ಮುಂದೆ ಹಾಸುತ್ತಾಳೆ, ಯಾಕೆ ಅಂದರೆ ಕಾಲಿಗೆ ಮೆತ್ತಗಿರಲಿ ಅನ್ನುತ್ತಾಳೆ, ಕಾಲು ಇಲ್ಲಿದೆ, ಕೌದಿ ಅಲ್ಲಿದೆ, ನನಗೆ ತಿಳಿಯದೇ, ಲಿಂಗ ಬೀಳುವುದನ್ನೇ ಕಾಯುತ್ತಿದ್ದಾಳೆ ಕಟ್ಟಿಕೊಂಡ ಹೆಂಡತಿ. ನಾನು ಸಣ್ಣವನಿದ್ದಾಗ ಕುರುಗೋಡಿನಲ್ಲಿ ಮುತ್ಯಾ ಕಥೆ ಹೇಳುತ್ತಿದ್ದ, ಅಂಗೈಯಿಂದ ಲಿಂಗ ಜಾರಿದ ದಿನ ಹಿರಿಯನೊಬ್ಬ ಅನ್ನ ಬಿಟ್ಟನಂತೆ, ಆಮೇಲೆ ಏನಾತು ಮುತ್ಯಾ, ಆಮೇಲೆ ಏನೈತಲೇ, ಕಥಿ ಮುಗೀತು, ಅಂದು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ — ಶಿವಶಿವಾ, ಟ್ರಂಕಿನ ಮೇಲೆ ಆ ಗುರುತಿಲ್ಲದವನು ಇವತ್ತೂ ಬಂದು ಕೂತಿದ್ದಾನೆ. ಬಿಳಿ ರುಮಾಲು, ಬೆನ್ನು ಇತ್ತ, ಮಾತಿಲ್ಲ. ಸಾವಂತ್ರಿಯ ತವರು ಸಿರಿಗೇರಿಯ ಕಡೆಯವನೇ ಇರಬೇಕು, ರುಮಾಲು ಸುತ್ತಿದ ರೀತಿ ಹಾಗೇ ಇದೆ, ಒಳಗೆ ಬಿಟ್ಟವರು ಯಾರು, ಚಿಲಕ ತೆಗೆಯುವವಳು ಅವಳು. ಚಹಾ ಎರಡು ಕಪ್ಪು ತರುತ್ತಾಳೆ, ಒಂದು ನನಗೆ, ಇನ್ನೊಂದನ್ನು ತಾನೇ ಕುಡಿಯುತ್ತಾಳೆ, ಖರೆ, ಆದರೆ ಅವನ ಕಡೆ ಮುಖ ಮಾಡಿ ಕುಡಿಯುತ್ತಾಳೆ. ಗುಳಿಗೆಯನ್ನು ಅರ್ಧ ಮುರಿಯುತ್ತಾಳೆ, ಉಳಿದರ್ಧ ಯಾರಿಗೆ. ಅಡುಗೆಮನೆಯಲ್ಲಿ ಮಗಳು ಕಾವೇರಿಯ ಜೊತೆ ಪಿಸುಪಿಸು, ನಿಮ್ಮಪ್ಪನ ಮುಖ ಕಲ್ಲಾಗೇತಿ, ಸಿಟ್ಟೋ ದುಃಖಾನೋ ತಿಳಿವಲ್ದು ಅಂತ. ಡಾಕ್ಟರು ಕೇಳಿದ್ದರು, ಪಾರ್ಕಿನ್ಸನ್ ಇದ್ದವರಿಗೆ ಒಮ್ಮೊಮ್ಮೆ ಇಲ್ಲದವರು ಕಾಣಿಸುತ್ತಾರೆ, ಸಂಶಯ ಹೆಚ್ಚುತ್ತದೆ, ಇದ್ದರೆ ಮುಚ್ಚಿಡಬೇಡಿ, ಗುಳಿಗೆ ಬದಲಿಸಬಹುದು ಅಂತ — ನಾನು ಇಲ್ಲ ಅಂದೆ. ಹೌದು ಅಂದಿದ್ದರೆ ಹುಚ್ಚ ಅಂತ ಬರೆದುಕೊಳ್ಳುತ್ತಿದ್ದರು, ಹುಚ್ಚನ ಕೈಗೆ ಲಿಂಗ ಯಾರು ಕೊಡುತ್ತಾರೆ. ಪತ್ರಿ ಜಾರಿತು, ಕೌದಿಯ ಮೇಲೆ ಬಿತ್ತು, ಇನ್ನು ಮುಂದಿನದು — ಕೇಳಿಬಿಡಲೇ, ಇವಳನ್ನೇ ಕೇಳಬೇಕೇ, ಬೇರೆ ಯಾರಿದ್ದಾರೆ, ಬಾಯಿ ತಾನೇ ತಡವರಿಸಿತು, ಸಾವಂತ್ರಿ, ಆ ಟ್ರಂಕಿನ ಮ್ಯಾಲ ಯಾರರ ಕುಂತಾರೇನು. ಟ್ರಂಕಿನ ಕಡೆ ತಿರುಗಿ ನೋಡಿದಳು, ನಗಲಿಲ್ಲ, ನನಗ ಯಾರೂ ಕಾಣವಲ್ರು, ನಿಮಗ ಯಾವಾಗಿಂದ ಕಾಣ್ತಾರ. ಯುಗಾದಿಯಿಂದ ಅಂದೆ, ಅಂದುಬಿಟ್ಟೆ. ಇಷ್ಟು ದಿನ ನೀವೊಬ್ರ ನೋಡ್ಕೋತ ಕುಂತಿದ್ರಾ, ಹೇಳಿದ್ರ ಅವರಿಗೂ ಚಾ ಕೊಡ್ತಿದ್ನಿ, ಅಂದವಳು ಕೌದಿ ಸರಿಸಿದಳು, ಸಂಜಿಗೆ ಡಾಕ್ಟರ್ ಕಡೆ ಹೋಗೂಣು, ಇದನ್ನೂ ಹೇಳೂಣು ಅನ್ನುತ್ತ ಹತ್ತಿರ ಬಂದಳು, ಕೈ ಚಾಚಿದಳು — ಹಿಡಿಯುವುದಕ್ಕೋ, ಕಸಿಯುವುದಕ್ಕೋ, ಅವನು ಎದ್ದಿಲ್ಲ, ಕೂತೇ ಇದ್ದಾನೆ, ಲಿಂಗದ ಕೆಳಗೆ ನನ್ನ ಕೈ, ನನ್ನ ಕೈ ಕೆಳಗೆ ಅವಳ ಕೈ, ಮುಟ್ಟಿಲ್ಲ, ಎರಡು ಬೆರಳಿನಷ್ಟು ಕೆಳಗೆ, ಮುಟ್ಟಿಲ್ಲ, ಬಿಚ್ಚಿದ ಅಂಗೈ, ಅದೂ ನಡುಗುತ್ತಿದೆ, ಬಿಚ್ಚಿದ ಅಂಗೈ —