ಮೂರನೇ ಕೋಣೆಯ ಫ್ಯಾನು

ಮಧ್ಯಾಹ್ನ ಎರಡೂವರೆಗೆ ನದಿ ದಡದ ಅತಿಥಿಗೃಹದ ಮೂರನೇ ಕೋಣೆಯಲ್ಲಿ ಫ್ಯಾನಿನ ಸದ್ದು ನಿಂತಿತು. ಫ್ಯಾನು ಮಾತ್ರ ತಿರುಗುತ್ತಲೇ ಇತ್ತು.

ಕೆಳಗೆ ನಿಂತು ಅದನ್ನೇ ಕಣ್ತುಂಬ ನೋಡುತ್ತಿದ್ದವನು ಲಿಫ್ಟ್ ಮೆಕ್ಯಾನಿಕ್. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳು ನರಳುವುದನ್ನು ಕೇಳಿ ಕೇಳಿ, ಎಲ್ಲಿ ಏನು ಕಿರುಗುಟ್ಟಿದರೂ ಅವನ ಕಿವಿ ನೆಟ್ಟಗಾಗುತ್ತಿತ್ತು. ಹೆಂಡತಿ ಟೈಲರ್. ಮದುವೆಗಳ ಕಾಲದ ಹೊಲಿಗೆ ಮುಗಿಯುವಷ್ಟರಲ್ಲಿ ಅವಳ ನಿದ್ದೆ ಹಾರಿಹೋಗಿತ್ತು. ಗುಳಿಗೆ ಆಮೇಲೆ ನೋಡೋಣ, ಮೊದಲು ಮಿಷನ್ ಬಿಟ್ಟು ಎಲ್ಲಾದರೂ ಹೋಗಿ ಬನ್ನಿ ಎಂದಿದ್ದರು ಡಾಕ್ಟರು. ಕಸುಬಿನ ಸಾಮಾನು ಒಂದೂ ಜೊತೆಗೆ ಬರಕೂಡದು ಎಂದು ಗಂಡ ಹೆಂಡತಿ ಆಣೆ ಮಾಡಿಕೊಂಡರು. ಮಾತು ತಪ್ಪಿದರೆ ಮುಂದಿನ ವರ್ಷ ತಾನು ಅವನನ್ನು ಬಿಟ್ಟು ತಂಗಿಯನ್ನು ಕರೆದುಕೊಂಡು ಹೋಗುವುದಾಗಿ ಅವಳು ಎಚ್ಚರಿಸಿದಳು. ಹೊರಡುವ ಮುನ್ನ ಅವನ ಚೀಲ ತಡಕಿ, ಕಾಲುಚೀಲದೊಳಗೆ ಸುತ್ತಿಟ್ಟಿದ್ದ ಸ್ಕ್ರೂಡ್ರೈವರನ್ನು ಹೊರಗೆಳೆದೂ ಬಿಟ್ಟಳು.

ಬಂದಂದಿನಿಂದ ಅವಳು ಕೊರಡಿನ ಹಾಗೆ ಮಲಗುತ್ತಿದ್ದಳು. ಊಟ ಮುಗಿಸಿ, ನದಿಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟು, ಮೂರಕ್ಕೆ ಹಾಸಿಗೆಗೆ ಬಂದರೆ ಸಂಜೆ ಚಹಾದವರೆಗೂ ಏಳುತ್ತಿರಲಿಲ್ಲ. ಎಲ್ಲ ನದಿ ಗಾಳಿಯ ಮಹಿಮೆ ಎಂದು ಇಬ್ಬರೂ ನಂಬಿದ್ದರು.

ನಿದ್ದೆ ಬಾರದೆ ಒದ್ದಾಡುತ್ತಿದ್ದವನು ಅವನು. ಗೇಟು ಕಿರುಗುಟ್ಟುತ್ತಿತ್ತು, ಸಹಿಸಿದ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು, ಕಿವಿಗೆ ಹತ್ತಿ ತುರುಕಿಕೊಂಡ. ಆದರೆ ಈ ಫ್ಯಾನು ಟಕಟಕಟಕ ಎಂದು ಅವನ ಮರ್ಯಾದೆಯನ್ನೇ ಕೆಣಕುತ್ತಿತ್ತು. ಸೂರಿನ ಬಳಿ ಫ್ಯಾನಿನ ಕೊಕ್ಕೆ ಮುಚ್ಚುವ ಬಟ್ಟಲು ಸಡಿಲಗೊಂಡು ಫ್ಯಾನಿನ ಕೊಳವೆಗೆ ಬಡಿಯುತ್ತಿದೆ ಎಂದು ಮೊದಲ ದಿನವೇ ಅವನಿಗೆ ಗೊತ್ತಾಗಿತ್ತು. ಇವತ್ತು ಹೆಂಡತಿ ನದಿಗೆ ಹೋದದ್ದೇ ತಡ, ಫ್ಯಾನು ಆರಿಸಿ ಸ್ಟೂಲು ಹತ್ತಿದ. ಚಮಚದ ಹಿಡಿಯಿಂದ ಸ್ಕ್ರೂ ಬಿಗಿದ. ತನ್ನ ಚಪ್ಪಲಿಯ ಹಿಮ್ಮಡಿಯಿಂದ ಒಂದು ತುಂಡು ರಬ್ಬರ್ ಕತ್ತರಿಸಿ ಸಂದಿಗೆ ತುರುಕಿದ. ಸ್ವಿಚ್ಚು ಹಾಕಿದರೆ ಫ್ಯಾನು ಬೆಣ್ಣೆಯಂತೆ ತಿರುಗಿತು.

ಮೂರಕ್ಕೆ ಹೆಂಡತಿ ಬಂದು ಮಲಗಿದಳು. ಎಡಕ್ಕೆ ಹೊರಳಿದಳು, ಬಲಕ್ಕೆ ಹೊರಳಿದಳು, ದಿಂಬು ಮಗುಚಿ ಹಾಕಿದಳು. ಕೊನೆಗೆ ಎದ್ದು ಕೂತಳು.

"ರೀ, ಫ್ಯಾನಿಗೇನಾಯ್ತು?"

"ಏನಾಗಿದೆ? ತಿರುಗ್ತಾ ಇದೆಯಲ್ಲ."

"ಸದ್ದೇ ಇಲ್ಲ."

ಸದ್ದಿಲ್ಲದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಅವನು ಪೇಪರಿನ ಹಿಂದೆ ಸೇರಿಕೊಂಡ. ಅವಳ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಬಾಗಿಲ ಬಳಿಯ ಚಪ್ಪಲಿಯ ಮೇಲೆ ನಿಂತಿತು.

"ಚಪ್ಪಲಿಗೇನಾಗಿದೆ?"

"ಇಲಿ ಇರಬೇಕು. ನದಿ ದಡ ನೋಡು."

"ಅಳತೆ ಹಿಡಿದು ಚೌಕವಾಗಿ ತಿನ್ನೋ ಇಲೀನ ಇವತ್ತೇ ನೋಡಿದ್ದು." ಅವಳು ಚಪ್ಪಲಿ ಎತ್ತಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಡಿಸುತ್ತಿದ್ದಂತೆ ಅವಳ ಮುಖ ಕೆಂಪೇರಿತು. "ನನ್ನ ಕತ್ತರೀಲಿ ರಬ್ಬರ್ ಕತ್ತರಿಸಿದ್ರಾ?"

ಹದಿನೆಂಟು ವರ್ಷದ ಸಂಸಾರದಲ್ಲಿ ಆ ಕತ್ತರಿಗೆ ಮಕ್ಕಳು ಕಾಗದ ಮುಟ್ಟಿಸಿದ್ದಕ್ಕೇ ಮನೆ ರಣರಂಗವಾಗಿತ್ತು. ಮೆಕ್ಯಾನಿಕ್ ಪೇಪರ್ ಮಡಚಿಟ್ಟ.

"ಅಲ್ಲಾ ಕಣೇ, ನಿನ್ನ ಕತ್ತರಿ ಮನೇಲಿ ಇರಬೇಕಿತ್ತಲ್ಲ. ಪೌಡರ್ ಡಬ್ಬಿ ಹಿಂದೆ ಹೇಗೆ ಬಂತು?"

ಅವಳು ಚಪ್ಪಲಿ ಕೆಳಗಿಟ್ಟಳು. ಸುಮ್ಮನೆ ಹತ್ತಿರ ಇರಲಿ ಅಂತ ತಂದೆ, ಎಂದಳು. ಸ್ಕ್ರೂಡ್ರೈವರನ್ನೂ ತಾನು ಸುಮ್ಮನೆ ಇರಲಿ ಅಂತಲೇ ಇಟ್ಟುಕೊಂಡದ್ದು ಎಂದು ಅವನು ನೆನಪಿಸಿದ. ತಂಗಿಯ ವಿಷಯ ಅಲ್ಲಿಗೇ ಬಿದ್ದುಹೋಯಿತು.

ನಿದ್ದೆಯ ವಿಷಯ ಬೀಳಲಿಲ್ಲ. "ಅದು ನನ್ನ ಮಿಷನ್ ಥರಾನೇ ಸದ್ದು ಮಾಡ್ತಿತ್ತು ರೀ," ಎಂದಳು ಅವಳು, ಸ್ವಲ್ಪ ನಾಚಿ. "ಬೇರೆ ಯಾರೋ ಹೊಲೀತಿದಾರೆ, ನಾನು ಮಲಗಬಹುದು ಅನ್ನಿಸ್ತಿತ್ತು."

ಮೆಕ್ಯಾನಿಕ್ ಫ್ಯಾನು ಆರಿಸಿ ಮತ್ತೆ ಸ್ಟೂಲು ಹತ್ತಿದ. ಕೆಟ್ಟದ್ದನ್ನು ಸರಿಮಾಡುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಸರಿಯಿದ್ದದ್ದನ್ನು ಹದವಾಗಿ ಕೆಡಿಸುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ರಬ್ಬರ್ ತೆಗೆದು ಕೆಳಗಿಳಿದ. ಅವಳು ಮಲಗಿದಲ್ಲಿಂದಲೇ ಕೈಚಾಚಿ ಸ್ವಿಚ್ಚು ಹಾಕಿದಳು. ಫ್ಯಾನು ಗೊರಗೊರ ಎಂದಿತು.

"ಅದು ದಪ್ಪ ಪರದೆ ಹೊಲಿಯೋ ಸದ್ದು. ಬೇಡ."

ಆರಿಸಿ, ಹತ್ತಿ, ಸ್ಕ್ರೂ ಒಂದಿಷ್ಟು ಸಡಿಲಿಸಿ ಇಳಿದ.

"ಇದು ದಾರ ತುಂಡಾದ ಸದ್ದು."

ಬೆವರು ಒರೆಸಿಕೊಂಡು ಇನ್ನೊಮ್ಮೆ ಹತ್ತಿದ, ಕೂದಲೆಳೆಯಷ್ಟು ತಿರುಗಿಸಿ ಇಳಿದ. ಫ್ಯಾನು ಟಕಟಕಟಕ ಎಂದಿತು. ಸರಿಯಾಯಿತೇ ಎಂದು ಕೇಳಿದ. ಸ್ವಿಚ್ಚಿನ ಮೇಲಿದ್ದ ಅವಳ ಕೈ ಹಾಸಿಗೆಗೆ ಜಾರಿತ್ತು.

ಸಂಜೆ ಚಹಾ ತಂದ ಅತಿಥಿಗೃಹದ ಒಡತಿ, ಆ ಫ್ಯಾನಿನ ಕಾಟಕ್ಕೆ ಬೇಸರಿಸಬೇಡಿ, ರಿಪೇರಿಯವನಿಗೆ ಹೇಳಿಕಳಿಸಿದ್ದೇನೆ ಎಂದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ರಿಪೇರಿಯವನು ಏಣಿ ಹೊತ್ತು ಬಂದ. ಮೆಕ್ಯಾನಿಕ್ ಏಣಿಯನ್ನು ಹೊರಗೇ ಇಡಿಸಿ, ಅವನಿಗೆ ಬಚ್ಚಲಿನ ನಲ್ಲಿ ತೋರಿಸಿದ. ಅವನು ಅದನ್ನು ಸರಿಮಾಡಿ ಹೋದ.